ಫಲಿತಾಂಶದ ನಂತರದ ಜುಮಾ

(ಹೊಸರಿತ್ತಿಯಲ್ಲಿ 2024ರ ಜೂನ್ 7ರ ಶುಕ್ರವಾರ ನೀಡಿದ ಪ್ರವಚನದ ಸಾರಾಂಶ)



ಮಂಗಳವಾರ ಮತ ಎಣಿಕೆ ಮುಗಿಯಿತು. ನಮ್ಮ ಹಾವೇರಿ ಕ್ಷೇತ್ರದಲ್ಲಿ ಬಸವರಾಜ ಬೊಮ್ಮಾಯಿಯವರು ಆನಂದಸ್ವಾಮಿ ಗಡ್ಡದೇವರಮಠ ಅವರನ್ನು 43,513 ಮತಗಳಿಂದ ಸೋಲಿಸಿದರು. ನಮ್ಮಲ್ಲಿ ಹೆಚ್ಚಿನವರು ಬಯಸಿದ ಫಲಿತಾಂಶ ಇದಲ್ಲ. ಬುಧವಾರ ಫಜ್ರ್‌ಗೆ ಬಂದವರ ಮುಖದಲ್ಲೇ ಅದು ಕಾಣುತ್ತಿತ್ತು. ನಮಗೂ ಆ ರಾತ್ರಿ ಸರಿಯಾಗಿ ನಿದ್ದೆ ಹತ್ತಲಿಲ್ಲ, ಹೇಳಿಬಿಡುವುದೇ ಒಳ್ಳೆಯದು.

ಮಿಂಬರ್ ಮೇಲೆ ನಿಂತು ಪಕ್ಷದ ಮಾತಾಡುವುದು ನಮ್ಮ ಕೆಲಸವಲ್ಲ. ಆದರೆ ಈ ಮೂರು ದಿನ ಚಹಾದಂಗಡಿಯಲ್ಲಿ, ಮೊಬೈಲಿನಲ್ಲಿ ಓಡಾಡಿದ ಮಾತುಗಳಿಗೆ ಉತ್ತರ ಕೊಡದೆ ಸುಮ್ಮನಿರಲಾರೆವು. ಊರಲ್ಲಿದ್ದೂ ವೋಟಿಗೆ ಹೋಗದ ನಮ್ಮವರನ್ನು ಕೆಲವರು ದ್ರೋಹಿಗಳೆಂದು ಕರೆದರು. ಬೇರೆ ಗುರುತಿಗೆ ಒತ್ತಿದ ನೆರೆಯವನ ಅಂಗಡಿ ಮೆಟ್ಟಿಲು ಇನ್ನು ಹತ್ತುವುದಿಲ್ಲವೆಂದು ಒಬ್ಬ ಹುಡುಗ ಆಣೆ ಹಾಕಿದ್ದಾನಂತೆ.

ಸಹೋದರರೇ, ಉಹುದ್ ಅನ್ನು ನೆನಪಿಸಿಕೊಳ್ಳಿ. ಹಿಜರಿ 3ನೇ ವರ್ಷ. ಶತ್ರು ಸೈನ್ಯ ಬರುತ್ತಿದೆಯೆಂದು ತಿಳಿದಾಗ ಪ್ರವಾದಿ(ಸ) ಸಹಾಬಿಗಳ ಅಭಿಪ್ರಾಯ ಕೇಳಿದರು. ಮದೀನಾದ ಒಳಗಿದ್ದೇ ಎದುರಿಸುವುದು ಅವರ ಸ್ವಂತ ಒಲವಾಗಿತ್ತು. ಯುವಕರು ಹೊರಗೆ ಹೋಗೋಣವೆಂದರು, ಅವರ ಮಾತಿಗೇ ಹೆಚ್ಚು ಬಲ ಬಂತು. ಪ್ರವಾದಿ(ಸ) ಅದನ್ನು ಒಪ್ಪಿ ಹೊರಟರು. ನಡುದಾರಿಯಲ್ಲಿ ಅಬ್ದುಲ್ಲಾ ಬಿನ್ ಉಬಯ್ ಸುಮಾರು 300 ಜನರನ್ನು ಕರೆದುಕೊಂಡು ಹಿಂದಿರುಗಿದ. ಗುಡ್ಡ ಬಿಡಬಾರದೆಂದು ಹೇಳಿ ನಿಲ್ಲಿಸಿದ್ದ ಬಿಲ್ಗಾರರಲ್ಲಿ ಹೆಚ್ಚಿನವರು ಗೆದ್ದೆವೆಂದು ತಿಳಿದು ಕೆಳಗಿಳಿದರು. ಸುಮಾರು 70 ಸಹಾಬಿಗಳು ಹುತಾತ್ಮರಾದರು. ಹಝ್ರತ್ ಹಂಝಾ(ರ) ಅವರಲ್ಲೊಬ್ಬರು.

ಈಗ ನೀವೇ ಹೇಳಿ, ಇಷ್ಟಾದ ಮೇಲೆ "ನಿಮ್ಮನ್ನು ಕೇಳಿದ್ದೇ ತಪ್ಪಾಯಿತು" ಎನ್ನಲು ಯಾರಿಗೆ ಹೆಚ್ಚು ಹಕ್ಕಿತ್ತು? ಆದರೆ ಆಲಿ ಇಮ್ರಾನ್ ಅಧ್ಯಾಯದಲ್ಲಿ ಅಲ್ಲಾಹನು ಕೊಟ್ಟ ಆಜ್ಞೆ ಬೇರೆ. ಅವರೊಡನೆ ಮೃದುವಾಗಿರಬೇಕು, ಅವರನ್ನು ಕ್ಷಮಿಸಬೇಕು, ಮುಂದೆಯೂ ಅವರೊಡನೆ ಸಮಾಲೋಚಿಸಬೇಕು. ಸೋತ ಮೇಲೂ ಶೂರಾ ನಿಲ್ಲಲಿಲ್ಲ. ಗುಡ್ಡದಿಂದ ಇಳಿದವರನ್ನೂ ಸಫ್‌ನಿಂದ ಹೊರಹಾಕಲಿಲ್ಲ. ಮೇ 7ರಂದು ಆ ಬಿಸಿಲಿನಲ್ಲಿ ಬೂತಿಗೆ ಹೋಗದವನನ್ನು ನಾವು ಸಲಾಂ ಹೇಳದೆ ದಾಟಿಹೋಗುವುದಾದರೆ, ಅದನ್ನು ಯಾರಿಂದ ಕಲಿತೆವು?

ಇನ್ನು ನೆರೆಯವರ ಮಾತು. ಹಾವೇರಿ ಲೋಕಸಭಾ ಕ್ಷೇತ್ರವಾಗುವ ಮೊದಲು ಇಲ್ಲಿ ಧಾರವಾಡ ದಕ್ಷಿಣ ಎಂಬ ಕ್ಷೇತ್ರವಿತ್ತು. 1962ರಿಂದ ಎಫ್.ಎಚ್. ಮೊಹಸಿನ್, ಆಮೇಲೆ ಅಝೀಝ್ ಸೇಟ್, ಬಿ.ಎಂ. ಮುಜಾಹಿದ್, ಐ.ಜಿ. ಸನದಿ ಇಲ್ಲಿಂದಲೇ ದಿಲ್ಲಿಗೆ ಹೋದರು. ಅವರನ್ನು ಗೆಲ್ಲಿಸುವಷ್ಟು ವೋಟು ನಮ್ಮ ಮನೆಗಳಲ್ಲಿ ಅಂದೂ ಇರಲಿಲ್ಲ, ಇಂದೂ ಇಲ್ಲ. ಲಿಂಗಾಯತರ, ಕುರುಬರ, ದಲಿತರ ಓಣಿಗಳಿಂದ ಬಂದ ವೋಟು ಅದು. 2009ರಲ್ಲಿ, 2014ರಲ್ಲಿ ಸಲೀಂ ಅಹ್ಮದ್ ಸೋತರು ನಿಜ. ಕಾಲ ಬದಲಾಗಿದೆ. ಬದಲಾದ ಕಾಲ ಮತ್ತೆ ಬದಲಾಗುವುದಿಲ್ಲವೆಂದು ಯಾರಿಗೆ ಗೊತ್ತು? ಅಂಗಡಿಗೆ ಹೋಗುವುದನ್ನು ಬಿಟ್ಟರೆ ಇರುವ ಒಂದು ಮಾತುಕತೆಯೂ ನಿಲ್ಲುತ್ತದೆ, ಅಷ್ಟೇ. ಬಿತ್ತನೆ ಶುರುವಾಗಿದೆ. ಅವರ ಕೂರಿಗೆ ನಮ್ಮ ಹೊಲಕ್ಕೆ, ನಮ್ಮವರು ಅವರ ಹೊಲಕ್ಕೆ ಮುಯ್ಯಾಳಾಗಿ ಹೋಗುವ ದಿನಗಳು ಇವು. ಆ ಹುಡುಗನ ತಂದೆಯೂ ಹೋಗುತ್ತಾರೆ, ಅವನನ್ನೂ ಜೊತೆಗೆ ಕರೆದುಕೊಂಡು ಹೋಗಲಿ.

ಗೆದ್ದವರು ನಮಗೂ ಸಂಸದರೇ. ರಸ್ತೆಗೋ, ವಿದ್ಯಾರ್ಥಿವೇತನಕ್ಕೋ ಅರ್ಜಿ ಬರೆದು ಅವರ ಕಚೇರಿಗೆ ಹೋಗಿ. ಅದು ಭಿಕ್ಷೆಯಲ್ಲ, ಹಕ್ಕು. ನ್ಯಾಯವಾದುದನ್ನು ಮಾಡಿದರೆ ಒಳ್ಳೆಯದೆನ್ನೋಣ. ಅನ್ಯಾಯವಾದರೆ ಕಾನೂನಿನ ದಾರಿಯಲ್ಲಿ ಎದ್ದುನಿಲ್ಲೋಣ.

"ಎಲ್ಲ ತಕ್ದೀರ್, ಇನ್ನು ವೋಟೇ ಬೇಡ" ಎಂದವರೂ ಇದ್ದಾರೆ. 1943ರ ಏಪ್ರಿಲ್ 1ರಂದು ಇದೇ ಹೊಸರಿತ್ತಿಯಲ್ಲಿ ಬ್ರಿಟಿಷ್ ಸರ್ಕಾರದ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋಗಿ ಮೈಲಾರ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಗುಂಡಿಗೆ ಬಲಿಯಾದರು. ಬಡವ ಬಲ್ಲಿದ ಎಲ್ಲರಿಗೂ ಒಂದೊಂದು ವೋಟು ಬಂದ ಕಾಲವನ್ನು ಅವರು ನೋಡಲಿಲ್ಲ. ಅವರು ಬಿದ್ದ ಊರಲ್ಲಿ ಕುಳಿತು ನಾವು ವೋಟು ಬೇಡವೆನ್ನುತ್ತೇವೆ! ತಕ್ದೀರ್ ಮೇಲೆ ನಂಬಿಕೆಯಿಟ್ಟ ರೈತ ಬಿತ್ತುವುದನ್ನು ಬಿಡುತ್ತಾನೆಯೇ?

ಹದಿನೆಂಟು ತುಂಬಿದವರ ಹೆಸರು ಸೇರಿಸಲು ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ. ಮುಂದಿನದು ಜುಲೈ 1. ಹೊಸ ಹೆಸರಿಗೆ ನಮೂನೆ 6. ಮದುವೆಯಾಗಿ ಬೇರೆ ಊರಿನಿಂದ ಬಂದ ಸೊಸೆಯಂದಿರ ವಿಳಾಸ ಬದಲಾವಣೆಗೆ ನಮೂನೆ 8. ಅಂಥ ಮನೆಯವರು ನಮಾಝಿನ ನಂತರ ಅಂಗಳದಲ್ಲಿ ಸ್ವಲ್ಪ ಹೊತ್ತು ಕುಳಿತಿರಿ, ಹೆಸರು ಬರೆದುಕೊಳ್ಳುತ್ತೇವೆ. ಇಂದು ಝುಲ್‌ಕಅದ್ 29. ಮೋಡ ಸರಿದರೆ ಮಗ್ರಿಬ್ ಬಳಿಕ ಬಕ್ರೀದ್ ತಿಂಗಳ ಚಂದ್ರನನ್ನು ನೋಡಬೇಕು, ಕಣ್ಣು ಚುರುಕಾಗಿರುವ ಹುಡುಗರು ಮಸೀದಿಯ ಹತ್ತಿರವೇ ಇರಲಿ.