ಎರಡು ನೀರಿನ ನಡುವೆ ಮಳೆಗಾಲ

ದೋಣಿ ಕಡಲಿಗಿಳಿಯದ ತಿಂಗಳುಗಳನ್ನು ಹೊರಗಿನವರು ಕೆಲಸವಿಲ್ಲದ ತಿಂಗಳುಗಳೆಂದು ಎಣಿಸುತ್ತಾರೆ. ಹಂಗಾರಕಟ್ಟೆಯ ಮಟ್ಟಿಗೆ ಆ ಎಣಿಕೆ ತಪ್ಪು ಎಂದು ಹೇಳಲಿಕ್ಕೇ ನಾನು ನಿಮ್ಮೆದುರು ನಿಂತಿದ್ದೇನೆ.

ಸೀತೆ, ಸ್ವರ್ಣೆ ಎರಡೂ ಹೊಳೆಗಳು ಘಟ್ಟದಿಂದಿಳಿದು ಇಲ್ಲಿ ಕಡಲು ಸೇರುತ್ತವೆ. ಎದುರಿಗೆ, ಹೊಳೆಗೂ ಕಡಲಿಗೂ ನಡುವೆ ಚಾಚಿಕೊಂಡ ಮರಳಪಟ್ಟಿಯ ಮೇಲೆ ಕೋಡಿಬೆಂಗ್ರೆ. ನೋಡಿದರೆ ಕಣ್ಣಳತೆಯ ದೂರ. ರಸ್ತೆ ಹಿಡಿದರೆ ಬ್ರಹ್ಮಾವರ, ಸಂತೆಕಟ್ಟೆ, ಕೆಮ್ಮಣ್ಣು, ಹೂಡೆ ಸುತ್ತಿ ಬರಬೇಕು. ಆದ್ದರಿಂದಲೇ ಇಲ್ಲಿ ದೋಣಿಯೂ ಬಾರ್ಜೂ ದಿನದ ಓಡಾಟದ ದಾರಿ. ಹೊಳೆ ಕೆಂಪಾಗಿ ಸೆಳೆತ ಹೆಚ್ಚಿದ ದಿನ ಆ ದಾರಿ ನಿಲ್ಲುತ್ತದೆ. ಶಾಲೆಯ ಮಕ್ಕಳು, ಔಷಧಿಗೆ ಹೊರಟವರು ಆಕಾಶಕ್ಕಿಂತ ಮೊದಲು ನೀರನ್ನು ನೋಡುತ್ತಾರೆ.

ಬೇಸಗೆಯಲ್ಲಿ ಹೊಳೆ ಸೊರಗುತ್ತದೆ. ಉಬ್ಬರದೊಂದಿಗೆ ಉಪ್ಪುನೀರು ಮೇಲಕ್ಕೇರಿ ದಡದ ಬಾವಿಗಳಿಗೂ ಗದ್ದೆಗಳಿಗೂ ಸೇರುತ್ತದೆ. ಜೂನ್ ಮಳೆ ಬಿಗಿಯಾಗಿ ಹಿಡಿದರೆ ಘಟ್ಟದ ನೀರು ಆ ಉಪ್ಪನ್ನು ಕಡಲಿಗೆ ತಳ್ಳುತ್ತದೆ, ಬಾವಿ ಮತ್ತೆ ಸಿಹಿಯಾಗುತ್ತದೆ. ಕಟ್ಟದೊಳಗಿನ ಗದ್ದೆಯ ಮಣ್ಣಿನ ಉಪ್ಪು ಮೊದಲ ಮಳೆಗಳಲ್ಲಿ ತೊಳೆದು ಹೋಗುವ ಮೊದಲೇ ಅಗೆ ನೆಟ್ಟರೆ ಅದು ಕರಟುತ್ತದೆ. ನಟ್ಟಿಯ ದಿನವನ್ನು ಮೋಡ ನೋಡಿ ಮಾತ್ರ ಗೊತ್ತುಮಾಡಲಾಗದು. ಗದ್ದೆಯ ನೀರು ನಾಲಿಗೆಗೆ ಹೇಗಿದೆ ಎಂಬುದೂ ಬೇಕು. ಗೊರಬು ಹೊದ್ದು ಬೆನ್ನು ಬಗ್ಗಿಸಿ ನಟ್ಟಿ ಮಾಡಿದ ಹೆಂಗಸರಿಗೆ ಈ ಲೆಕ್ಕ ಯಾವ ಪುಸ್ತಕದಿಂದಲೂ ಬಂದದ್ದಲ್ಲ.

ಇನ್ನೊಂದು ಲೆಕ್ಕ ಉಬ್ಬರ ಇಳಿತದ್ದು. ದಿನಕ್ಕೆರಡು ಉಬ್ಬರ, ಮರುದಿನ ಅದು ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳಿಗೆ ಜೋರು. ಘಟ್ಟದಲ್ಲಿ ರಾತ್ರಿಯಿಡೀ ಸುರಿದ ನೀರು ಕೆಳಗೆ ಬರುವ ಹೊತ್ತಿಗೆ ಕೆಳಗಿನಿಂದ ಅಂಥ ದೊಡ್ಡ ಉಬ್ಬರ ಎದುರಾದರೆ ಹೊಳೆಗೆ ಹೋಗಲು ದಾರಿಯಿಲ್ಲ. ಅದು ಗದ್ದೆಗೆ, ಅಂಗಳಕ್ಕೆ ಏರುತ್ತದೆ. ನಮ್ಮ ನೆರೆಯ ಬಹುಪಾಲು ಕಥೆ ಇದು. ಆಸಾಡಿ ಅಮಾವಾಸ್ಯೆಯ ಆಸುಪಾಸು ಹಳಬರು ನಿದ್ದೆಗೆಟ್ಟು ಹೊಳೆ ಕಾಯುತ್ತಿದ್ದುದು ಸುಮ್ಮನೆ ಅಲ್ಲ.

ಮೀನಿನ ಮಾತಿಗೆ ಬರೋಣ. ಯಾಂತ್ರಿಕ ದೋಣಿಗಳಿಗೆ ಈಗ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಅನೇಕ ಮೀನುಗಳು ಮೊಟ್ಟೆಯಿಡುವ ಕಾಲವಾದ್ದರಿಂದ ಇದು ಸರಿಯಾದ ನಿಯಮವೆಂದೇ ನನ್ನ ನಂಬಿಕೆ. ನಾಡದೋಣಿಯವರು ಕಡಲು ತಣಿದ ದಿನ ಹೊರಡುತ್ತಾರೆ, ಇಲ್ಲವಾದರೆ ಹೊಳೆಯಲ್ಲೇ ಬೀಸುಬಲೆ ಹಾಕುತ್ತಾರೆ. ಉಳಿದವರು ಹರಿದ ಬಲೆ ಹಿಡಿದು ಜಗಲಿಯಲ್ಲಿ ಕೂರುತ್ತಾರೆ. ಎರಚಲು ಹೊಡೆಯದಂತೆ ಜಗಲಿಗೆ ತೆಂಗಿನ ಮಡ್ಲಿನ ತಟ್ಟಿ ಕಟ್ಟುವುದು ಈಗ ಕಡಿಮೆಯಾಗಿದೆ. ಪ್ಲಾಸ್ಟಿಕ್ ಟರ್ಪಾಲು ಬಂದಿದೆ.

ಒಲೆಯ ಬುಡದ ಕೆಲಸ ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ. ಏಪ್ರಿಲ್, ಮೇ ಬಿಸಿಲಿನಲ್ಲಿ ಒಣಗಿಸಿದ ಮೀನು, ಉಪ್ಪಿನಲ್ಲಿಟ್ಟ ಮಾವು ಮತ್ತು ಹಲಸಿನ ಸೊಳೆ, ಹಪ್ಪಳ, ಅಟ್ಟದಲ್ಲಿ ಒಟ್ಟಿದ ಸೌದೆ, ಇವುಗಳಿಲ್ಲದಿದ್ದರೆ ಜುಲೈ ತಿಂಗಳು ದಾಟುವುದಿಲ್ಲ. ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವ ಹೆಂಗಸಿಗೆ ದೋಣಿ ನಿಂತ ದಿನವೇ ಸಂಪಾದನೆಯೂ ನಿಲ್ಲುತ್ತದೆ. ನಿಷೇಧದ ದಿನಗಳ ನೆರವಿನ ಮಾತು ಬಂದಾಗ ದೋಣಿಯಷ್ಟೇ ಈ ಬುಟ್ಟಿಯೂ ಎಣಿಕೆಗೆ ಬರಬೇಕು ಎಂದು ನಾನು ಕೇಳುತ್ತೇನೆ.

ಅಳಿವೆಯ ಬಾಯಿ ಪ್ರತಿ ಮಳೆಗಾಲವೂ ತನ್ನ ಮರಳನ್ನು ಸರಿಸುತ್ತದೆ. ಕಳೆದ ವರ್ಷ ಆಳವಿದ್ದಲ್ಲಿ ಈ ವರ್ಷ ದಿಣ್ಣೆ ಎದ್ದಿರಬಹುದು. ಅಲ್ಲಿ ತೆರೆ ಒಡೆದರೆ ದೋಣಿ ಮಗುಚುತ್ತದೆ. ನೂಲಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸಿ ಹೊರಡುವ ಹೊತ್ತಿಗೆ ಯಾವ ಕಡೆಯಿಂದ ಹೊರಬೀಳಬೇಕೆಂಬುದು ಗೊತ್ತಿರಬೇಕು. ಅದು ಗೊತ್ತಿರುವುದು ಜೂನ್, ಜುಲೈ ಪೂರ್ತಿ ದಡದಲ್ಲಿ ನಿಂತು ತೆರೆ ಎಲ್ಲಿ ಒಡೆಯುತ್ತದೆಂದು ನೋಡುತ್ತ ಬಂದವರಿಗೆ.