ಅಮ್ಮಮ್ಮನ ಅಡುಗೆಮನೆಗೆ ಹೊಗೆ ಹಿಡಿಸುವುದು

ನಾನು ಹಟ್ಟಿಯಂಗಡಿಯವಳು. ಕುಂದಾಪುರದಿಂದ ತಲ್ಲೂರಿಗೆ ಬಂದು ಒಳಗೆ ತಿರುಗಿದರೆ ಸಿಗುವ ಊರು; ಸಿದ್ಧಿವಿನಾಯಕ ದೇವಸ್ಥಾನ ಅಂದರೆ ಹೆಚ್ಚಿನವರಿಗೆ ಗೊತ್ತಾಗುತ್ತದೆ. ಹಗಲು ಬೆಂಗಳೂರಲ್ಲಿ ಲೆಕ್ಕಪತ್ರದ ಕೆಲಸ ಮಾಡ್ತೇನೆ. ರಾತ್ರಿ ಗೊಂಬೆಮನೆ ಕಟ್ತೇನೆ.

ಗೊಂಬೆಮನೆ ಅಂದ ಕೂಡಲೇ ಮಕ್ಕಳ ಆಟಿಕೆ ಅಂದುಕೊಳ್ಳಬೇಡಿ. ಹಳೇ ಕಾಲದ ಒಂದು ಕೋಣೆಯನ್ನು ಅದರ ಸಾಮಾನು ಸಮೇತ ಸಣ್ಣದಾಗಿ ಮಾಡುವ ಕೆಲಸ ಇದು. ಅಳತೆ ಸಾಮಾನ್ಯವಾಗಿ 1:12. ಅಂದರೆ ನಿಜದ ಒಂದು ಅಡಿಗೆ ಇಲ್ಲಿ ಒಂದು ಇಂಚು. ಇಂಗ್ಲೆಂಡಿನ ರಾಣಿ ಮೇರಿಗೆ 1921ರಿಂದ 1924ರವರೆಗೆ ಕಟ್ಟಿದ ಗೊಂಬೆಮನೆಯೂ ಇದೇ ಅಳತೆಯದ್ದು. ನಮ್ಮ ದಿಲ್ಲಿಯ ರಾಷ್ಟ್ರಪತಿ ಭವನದ ನಕ್ಷೆ ಹಾಕಿದ ಲುಟಿಯನ್ಸ್ ಅವರೇ ಅದರ ವಾಸ್ತುಶಿಲ್ಪಿ. ಅದರ ನಲ್ಲಿಯಲ್ಲಿ ನಿಜವಾಗಿ ನೀರು ಬರುವಂತೆ ಮಾಡಿದ್ದರು. ಈಗ ವಿಂಡ್ಸರ್ ಕೋಟೆಯಲ್ಲಿದೆ.

ಅಷ್ಟು ದೂರ ಹೋಗೋದು ಬೇಡ ಬಿಡಿ. ನಮ್ಮೂರ ಹತ್ತಿರದ ಉಪ್ಪಿನಕುದ್ರುವಿನಲ್ಲಿ ಯಕ್ಷಗಾನ ಗೊಂಬೆಯಾಟ ಇದೆಯಲ್ಲ, ಕೊಗ್ಗ ಕಾಮತರ ಮನೆತನದ್ದು. ಮರದ ಗೊಂಬೆ, ಆದರೆ ಬಡಗುತಿಟ್ಟಿನ ವೇಷದ ಕಟ್ಟು, ಬಣ್ಣ ಒಂದೂ ಬಿಟ್ಟಿರುವುದಿಲ್ಲ. ಸಣ್ಣದು ಅಂತ ಸುಲಭಕ್ಕೆ ಮುಗಿಸುವ ಹಾಗಿಲ್ಲ ಅನ್ನೋದು ನಮ್ಮ ಕಡೆಯವರಿಗೆ ಹೊಸ ವಿಷಯವೇನೂ ಅಲ್ಲ.

ನಾನು ಈಗ ಮಾಡ್ತಿರೋದು ನನ್ನ ಅಮ್ಮಮ್ಮನ ಅಡುಗೆಮನೆ. ಆ ಮನೆ ಈಗ ಇಲ್ಲ. ಪಾಲಾದ ಮೇಲೆ ಕೆಡವಿದರು. ಹಂಚು, ದಾರಂದ, ಕಂಬ ಎಲ್ಲ ಲಾರಿ ಹತ್ತಿ ಹೋಯಿತು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಬೀಳಲಿಕ್ಕಾದ ಹಳೇ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿದರು. ಅಲ್ಲಿ ನಮ್ಮ ಕಡೆಯ ಹರ್ಕೂರಿನ ಮನೆಯೂ ಇದೆ. 2017ರಲ್ಲಿ ಅವರು ತೀರಿಕೊಂಡರು. ಅಂಥ ಕೆಲಸಕ್ಕೆ ಬೇಕಾದ ಜಾಗ, ದುಡ್ಡು ನಮಗೆಲ್ಲಿಂದ? ನನ್ನ ಹತ್ತಿರ ಇರೋದು ಒಂದು ಟೀಪಾಯಿ. 14 ಅಡಿಯ ಅಡುಗೆಮನೆ ಅದರ ಮೇಲೆ 14 ಇಂಚಾಗಿ ಕೂರುತ್ತದೆ.

ಅಳತೆ ಸಣ್ಣದಾಯ್ತು ಅಂತ ಕೆಲಸ ಕಮ್ಮಿ ಆಗಲ್ಲ, ಇದನ್ನು ಮೊದಲೇ ಹೇಳಿಬಿಡ್ತೇನೆ. ಮಂಗಳೂರು ಹಂಚು ತಗೊಳ್ಳಿ. 1865ರಲ್ಲಿ ಬಾಸೆಲ್ ಮಿಶನ್‌ನವರು ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಕರಾವಳಿಯ ಮಾಡನ್ನೆಲ್ಲ ಹೊದ್ದ ಹಂಚು. ಒಂದು ಹಂಚು ಸುಮಾರು 41 ಸೆಂಟಿಮೀಟರ್ ಉದ್ದ. ನನ್ನ ಲೆಕ್ಕದಲ್ಲಿ ಮೂರೂವರೆ ಸೆಂಟಿಮೀಟರ್‌ಗಿಂತ ಚೂರು ಕಡಿಮೆ. ಆದರೆ ನಿಜದ ಮಾಡಿಗೆ 240 ಹಂಚು ಬೇಕಿದ್ದರೆ ಇಲ್ಲಿಗೂ 240 ಬೇಕು! ಒಂದೊಂದನ್ನೂ ಮಣ್ಣಲ್ಲಿ ಒತ್ತಿ ಒಣಗಿಸಿ ಬಣ್ಣ ಕೊಡಬೇಕು. ಎರಡು ತಿಂಗಳ ಶನಿವಾರ ಅದಕ್ಕೇ ಹೋಯಿತು.

ಆದರೂ ಹಂಚು ಕಷ್ಟದ್ದಲ್ಲ. ಕಷ್ಟ ಇರೋದು ಹಳತು ಮಾಡುವುದರಲ್ಲಿ.

ಇನ್‌ಸ್ಟಾದಲ್ಲಿ ಯಾರೋ ಮಾಡಿದ ಚಂದದ ಅಡುಗೆಮನೆಯೊಂದನ್ನು ಅಮ್ಮಮ್ಮನಿಗೆ ತೋರಿಸಿದ್ದೆ. ಕೆಂಪು ನೆಲ, ಹಿತ್ತಾಳೆ ಪಾತ್ರೆ, ಸುಣ್ಣದ ಗೋಡೆ. ಫೋನನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. "ಇದ್ ಅಡ್ಗಿ ಮನಿಯಾ? ಇಷ್ಟ್ ಬೆಳ್ಳಗಿಪ್ಪು ಗ್ವಾಡಿ ನಾ ಕಂಡದ್ದೇ ಇಲ್ಲ ಮಗಾ" ಅಂದರು.

ಹೊಗೆಯ ಪಾಠ ಶುರುವಾದದ್ದು ಅಲ್ಲಿಂದ. ಬರೀ ಕಪ್ಪು ಬಳಿದರೆ ಪೇಂಟ್ ಬಳಿದ ಹಾಗೆಯೇ ಕಾಣುತ್ತದೆ. ನಿಜವಾದ ಒಲೆ ಮಸಿಯಲ್ಲಿ ಎಣ್ಣೆ ಜಿಡ್ಡು ಇರುತ್ತದೆ, ಕಂದು ಬಣ್ಣ ಇರುತ್ತದೆ. ಕಂದು, ಕಪ್ಪು ಎರಡನ್ನೂ ತೆಳ್ಳಗೆ ನೀರು ಮಾಡಿ ಏಳೆಂಟು ಸಲ ಹಚ್ಚಬೇಕು. ಒಲೆ ಮೇಲೆ ಬೀಸಣಿಗೆ ಬಿಡಿಸಿದ ಹಾಗೆ ಹರಡಬೇಕು, ಅಟ್ಟದ ಅಡಿಭಾಗದಲ್ಲಿ ಎಲ್ಲಕ್ಕಿಂತ ಗಾಢ. ಮರ ಹಳತಾಗಿ ಕಾಣಬೇಕಿದ್ದರೆ ಮೊದಲು ಗಟ್ಟಿ ಚಹಾ ಡಿಕಾಕ್ಷನ್ ಹಚ್ಚಿ ಒಣಗಿಸಿ. ಸ್ಟೀಲ್ ಉಲ್ಲನ್ ಒಂದೆರಡು ದಿನ ವಿನೆಗರ್‌ನಲ್ಲಿ ನೆನೆಸಿಟ್ಟಿರಿ, ಆ ನೀರನ್ನು ಇದರ ಮೇಲೆ ಹಚ್ಚಿ. ಚಹಾದ ಒಗರು, ಕಬ್ಬಿಣ ಎರಡೂ ಸೇರಿ ಮರ ಬೂದುಗಪ್ಪಾಗುತ್ತದೆ. ಬಾಟಲಿ ಮುಚ್ಚಳ ಬಿಗಿ ಮಾಡಬೇಡಿ, ಒಳಗೆ ಗ್ಯಾಸ್ ಕಟ್ಟುತ್ತದೆ.

ಇದೆಲ್ಲ ಯೂಟ್ಯೂಬಲ್ಲೂ ಸಿಗುತ್ತದೆ. ಸಿಗದೆ ಇರೋದು, ಸವೆತ ಎಲ್ಲಿ ಇರಬೇಕು ಅನ್ನೋದು. ಹೊಸ್ತಿಲು ಇಡೀ ಸವೆಯಲ್ಲ, ಕಾಲಿಡುವ ಕಡೆ ಮಾತ್ರ. ಮೆಟ್ಟುಕತ್ತಿಯ ಮಣೆ ಕಾಲೊತ್ತುವಲ್ಲಿ ನುಣ್ಣಗಾಗಿರುತ್ತದೆ. ಜಗಲಿ ಗೋಡೆಯಲ್ಲಿ ಕೂತವರ ತಲೆ ಒರಗುವ ಎತ್ತರಕ್ಕೆ ಸಾಲಾಗಿ ಎಣ್ಣೆ ಕಲೆ. ಇದನ್ನೆಲ್ಲ ಹೇಳಬೇಕಾದವರು ಅಲ್ಲಿ ಬಾಳಿದವರು. ಅಮೆರಿಕದಲ್ಲಿ ಫ್ರಾನ್ಸಿಸ್ ಗ್ಲೆಸ್ನರ್ ಲೀ ಅಂತ ಒಬ್ಬರಿದ್ದರು. 1940ರ ದಶಕದಲ್ಲಿ ಪೊಲೀಸರಿಗೆ ತನಿಖೆ ಕಲಿಸಲಿಕ್ಕೆ ಸಾವು ನಡೆದ ಕೋಣೆಗಳನ್ನು ಇದೇ 1:12ರಲ್ಲಿ ಮಾಡಿದವರು. ಅವರು ಕಲಿಸಿದ್ದು ಕೋಣೆಯನ್ನು ಸಾಕ್ಷಿಯ ಹಾಗೆ ಓದುವುದನ್ನು. ನಮ್ಮ ಮನೆಯ ಮಟ್ಟಿಗೆ ಕೋಣೆ ಹೋಗಿದೆ, ಸಾಕ್ಷಿ ಒಬ್ಬರು ಉಳಿದಿದ್ದಾರೆ. ಅವರಿಗೆ 86. ಕೆಲವು ದಿನ ನನ್ನ ಹೆಸರು ಕೂಡ ತಪ್ಪುತ್ತದೆ.

ಹೀಗೆ ಕೇಳ್ತಾ ಇದ್ದಾಗ ಒಂದು ದಿನ ಅಮ್ಮಮ್ಮ, "ಹೊರಗಿನ ಕೋಣಿ ಮಾಡ್ಲಿಲ್ಯಾ?" ಅಂದರು. ಅಡುಗೆಮನೆಯ ಹಿಂದೆ, ಬಚ್ಚಲಿಗೆ ತಾಗಿ ಇದ್ದ ಸಣ್ಣ ಕೋಣೆ. ಮುಟ್ಟಾದಾಗ ಹೆಂಗಸರು ಮೂರು ದಿನ ಕೂರುತ್ತಿದ್ದ ಜಾಗ. ಮಾವನಿಗೆ ಇದು ಸರಿ ಬರಲಿಲ್ಲ. "ಅದೆಲ್ಲ ಎಂತಕೆ ಮಾರಾಯ್ತಿ? ಜಗಲಿ ಮಾಡ್, ತುಳಸಿಕಟ್ಟೆ ಮಾಡ್, ಸಾಕ್." ಅವರು ಕೆಟ್ಟವರಲ್ಲ. ನಾಲ್ಕು ಜನ ನೋಡುವ ಸಾಮಾನಲ್ಲಿ ಅದು ಯಾಕೆ ಅಂತ ಅವರ ಸಂಕೋಚ. ಆರ್ಡರ್ ಕೊಡುವವರೂ ಹಾಗೆಯೇ: "ಅಜ್ಜಿಮನೆ" ಅಂದರೆ ಉಯ್ಯಾಲೆ, ಅಕ್ಕಿಮುಡಿ, ಲಾಟೀನು. ಅಜ್ಜಿ ಎಲ್ಲಿ ಕೂರುತ್ತಿದ್ದರು ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ.

ನನಗೂ ಆ ಕೋಣೆ ಅಂದರೆ ಸಿಟ್ಟು. ಅದನ್ನು ಮಾಡುವುದಾದರೆ ಕತ್ತಲೆ ಗೂಡಿನ ಹಾಗೆ ಮಾಡಬೇಕು ಅನ್ನೋದು ನನ್ನ ಮನಸ್ಸಲ್ಲಿತ್ತು. ಅಮ್ಮಮ್ಮ ಹೇಳಿದ್ದು ಬೇರೆ. ಮಳೆಗಾಲದಲ್ಲಿ ಸೋರುತ್ತಿತ್ತು, ರಾತ್ರಿ ಒಬ್ಬಳೇ ಹೆದರಿಕೆ ಆಗುತ್ತಿತ್ತು, ಅದು ಹೌದು. ಆದರೆ "ಆ ಮೂರ್ ದಿನ ಅಲ್ದಾ ನನ್ ಬೆನ್ ನೆಲಕ್ಕ್ ತಾಗ್ದ್?" ಅಂದರು. ಉಳಿದ ದಿನಗಳಲ್ಲಿ ಅರೆಯುವ ಕಲ್ಲು, ಒಲೆ, ಕೊಟ್ಟಿಗೆ. ಆ ಕೋಣೆಯಲ್ಲಿ ಅವರು ತ್ರಿವೇಣಿಯವರ ಕಾದಂಬರಿ ಓದಿದ್ದು, ಕಿಟಕಿ ಬೆಳಕು ಹೋಗುವವರೆಗೆ. ಮಾವನಿಗೆ ಅವರೇ ಹೇಳಿದರು: "ಅದ್ ಬಿಟ್ರೆ ನಾ ಆ ಮನಿಯಗೆ ಇದ್ದದ್ದೇ ಸುಳ್ಳ್." ಮಾವ ಎದ್ದು ಹೊರಗೆ ಹೋದರು. ಆಮೇಲೆ ಆ ಮಾತು ಎತ್ತಲಿಲ್ಲ.

ಹಾಗಾಗಿ ಕೋಣೆ ಈಗ ಟೀಪಾಯಿ ಮೇಲಿದೆ. ಆರು ಇಂಚು ಉದ್ದ, ಐದು ಇಂಚು ಅಗಲ. ಸೆಗಣಿ ನೆಲ, ಮೂಲೆಯಲ್ಲಿ ಸುತ್ತಿಟ್ಟ ಚಾಪೆ, ಬೇರೆಯೇ ಇಟ್ಟ ಒಂದು ತಟ್ಟೆ ಲೋಟ. ಗೋಡೆ ಕೆಳಗೆ ಮಳೆ ತೇವದ ಹಸಿರು. ಚಾಪೆ ಪಕ್ಕ ಒಂದೂವರೆ ಸೆಂಟಿಮೀಟರ್ ಉದ್ದದ ಪುಸ್ತಕ, ಬೋರಲು ಹಾಕಿದ್ದು. ಹಾಳೆಗೆ ಚಹಾ ಹಚ್ಚಿದ್ದೇನೆ.

ಉಳಿದಿರೋದು ಕಿಟಕಿ. ಮೂರೇ ಸರಳು ಅಂತ ಅಮ್ಮಮ್ಮ, ಐದು ಅಂತ ಅಮ್ಮ. ಬರುವ ವಾರ ದೊಡ್ಡಮ್ಮ ಬೆಂಗಳೂರಿಗೆ ಬರ್ತಾರೆ. ಅವರನ್ನು ಕೇಳಿ ಕೊರೆಯಬೇಕು.