60 ದಿನದ ನಿಷೇಧ, 6 ವರ್ಷದ ವಿಷ

ಹೋದ ವಾರ ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ರು. "ಎಂಡೋಸಲ್ಫಾನ್ ಬ್ಯಾನ್ ಆಗಿ ಎಷ್ಟೋ ವರ್ಷ ಆಯ್ತಲ್ಲ, ಇನ್ನೂ ಯಾಕೆ ಅದರ ಸುದ್ದಿ ಬರ್ತಾನೇ ಇರುತ್ತೆ?" ಒಳ್ಳೆ ಪ್ರಶ್ನೆ. ಇವತ್ತು ಪೂರ್ತಿ ಅದರದ್ದೇ ಮಾತು.

ಮೊದಲು ಆ ಊರುಗಳನ್ನು ಕಣ್ಣ ಮುಂದೆ ತಂದುಕೊಳ್ಳಿ. ಕಾಸರಗೋಡಿನ ಎಣ್ಮಕಜೆ, ಪಡ್ರೆ. ಗಡಿಯ ಈಚೆ ನಮ್ಮ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ. ಗುಡ್ಡದ ಮೇಲೆ ಗೇರು ತೋಟ, ಕೆಳಗೆ ಅಡಿಕೆ ತೋಟ, ಮನೆಗಳು. ಪಡ್ರೆ ಕಡೆ ಅನೇಕರು ಕುಡಿಯೋದು ಸುರಂಗದ ನೀರು. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು, ಒಳಗೆ ಒಸರುವ ನೀರನ್ನು ಮನೆ ಬಾಗಿಲಿಗೆ ತರೋದು. ಅಂದ್ರೆ ಗುಡ್ಡದ ಮೇಲೆ ಏನು ಬೀಳುತ್ತೋ ಅದು ಕೊನೆಗೆ ಬಿಂದಿಗೆಗೇ ಬರುತ್ತೆ.

ಗೇರಿಗೆ ಟೀ ಸೊಳ್ಳೆ ಕಾಟ. ಅದಕ್ಕೆ ಅಂತ 70ರ ದಶಕದ ಕೊನೆಯಿಂದ 2000ದವರೆಗೆ ಕೇರಳದ ಸರ್ಕಾರಿ ಪ್ಲಾಂಟೇಷನ್ ನಿಗಮ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಸಿಂಪಡಿಸಿತು. ಈಚೆ ಬದಿಯಲ್ಲಿ ಕರ್ನಾಟಕದ ಗೇರು ಅಭಿವೃದ್ಧಿ ನಿಗಮವೂ ಅದನ್ನೇ ಮಾಡಿತು. ನಿಯಮ ಇರಲಿಲ್ಲ ಅಂತೇನಿಲ್ಲ. ಸಿಂಪಡಿಸುವಾಗ ನೀರಿನ ಮೂಲಗಳನ್ನು ಮುಚ್ಚಿಡಬೇಕಿತ್ತು. ಬಾವಿಗೆ ಮಡಲು ಹಾಸಬಹುದು. ಹರಿಯುವ ತೋಡನ್ನು ಯಾವುದರಿಂದ ಮುಚ್ಚೋದು?

ಮೊದಲ ಸುಳಿವು ಕೊಟ್ಟಿದ್ದು ಕರುಗಳು. 1979ರ ಹೊತ್ತಿಗೆ ಕಾಲು ಸೊಟ್ಟಗಾಗಿ ಹುಟ್ಟಿದ ಕರುಗಳನ್ನು ಕಂಡು, ಇದಕ್ಕೂ ಸಿಂಪಡಣೆಗೂ ಸಂಬಂಧ ಇರಬಹುದಾ ಅಂತ ಕೇಳಿದವರು ಪತ್ರಕರ್ತ ಶ್ರೀ ಪಡ್ರೆ. ಆಮೇಲೆ ಅಲ್ಲಿನ ವೈದ್ಯ ಡಾ. ವೈ. ಎಸ್. ಮೋಹನ್ ಕುಮಾರ್, ಒಂದು ಸಣ್ಣ ಪ್ರದೇಶದಲ್ಲಿ ಇಷ್ಟೊಂದು ನರದ ಕಾಯಿಲೆ, ಕ್ಯಾನ್ಸರ್, ಅಂಗವೈಕಲ್ಯ ಯಾಕೆ ಅಂತ ಕೇಳಿದ್ರು. 1998ರಲ್ಲಿ ಕೃಷಿ ಇಲಾಖೆಯ ನೌಕರೆ ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋಗಿ ವೈಮಾನಿಕ ಸಿಂಪಡಣೆಗೆ ತಡೆ ತಂದ್ರು. ಗಮನಿಸಿ, ಇದುವರೆಗೆ ಕೆಲಸ ಮಾಡಿದ್ದು ವ್ಯಕ್ತಿಗಳು. ನಿಯಂತ್ರಣ ಮಾಡಬೇಕಾದ ವ್ಯವಸ್ಥೆ ಇನ್ನೂ ಎದ್ದೇ ಇರಲಿಲ್ಲ.

ಎದ್ದ ಮೇಲೆ ಶುರುವಾಯ್ತು ವರದಿಗಳ ಜಗಳ. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ, ಅಂದ್ರೆ ಸಿಎಸ್‌ಇ, ಪಡ್ರೆಯ ನೀರು, ಮಣ್ಣು, ರಕ್ತದಲ್ಲಿ ಎಂಡೋಸಲ್ಫಾನ್ ಇದೆ ಅಂದಿತು. ನಿಗಮ ದುಡ್ಡು ಕೊಟ್ಟು ಮಾಡಿಸಿದ ಪರೀಕ್ಷೆ ತೊಂದರೆ ಇಲ್ಲ ಅಂದಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಮಕ್ಕಳ ರಕ್ತದಲ್ಲಿ ಅದರ ಅಂಶ ಪತ್ತೆ ಮಾಡಿತು. ವಾದ ನಡೀತಾ ವರ್ಷಗಳು ಉರುಳಿದವು.

ಈಗ ಕಾನೂನಿನ ವಿಷಯಕ್ಕೆ ಬರ್ತೀನಿ. ಇಲ್ಲಿ ಸ್ವಲ್ಪ ಗಮನ ಕೊಟ್ಟು ಕೇಳಿ. ನಮ್ಮಲ್ಲಿ ಕೀಟನಾಶಕಗಳಿಗೆ ಇರೋದು 1968ರ ಕಾಯ್ದೆ. ನೋಂದಣಿ ಕೊಡೋದು, ಪೂರ್ತಿ ರದ್ದು ಮಾಡೋದು ಕೇಂದ್ರದ ಕೈಯಲ್ಲಿ. ಅಪಾಯ ಕಂಡಾಗ ರಾಜ್ಯ ಸರ್ಕಾರ ಮಾರಾಟ ತಡೆಯಬಹುದು, ಆದ್ರೆ 60 ದಿನ ಮಾತ್ರ. ತನಿಖೆ ಮುಗಿಯದಿದ್ದರೆ ಇನ್ನೊಂದು 30 ದಿನ. 2011ರ ಫೆಬ್ರುವರಿಯಲ್ಲಿ ಕರ್ನಾಟಕ ಎಂಡೋಸಲ್ಫಾನ್ ನಿಷೇಧಿಸಿದ್ದೂ ಹೀಗೇ, 60 ದಿನಕ್ಕೆ.

ಆದ್ರೆ ಎಂಡೋಸಲ್ಫಾನ್‌ಗೆ ಬೇರೆ ಕ್ಯಾಲೆಂಡರ್ ಇದೆ. ಅದು ಒಡೆದು ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತೆ. ಅದೂ ವಿಷವೇ. ಎರಡೂ ಸೇರಿ ಮಣ್ಣಲ್ಲಿ ಅರ್ಧಕ್ಕೆ ಇಳಿಯೋಕೆ 9 ತಿಂಗಳಿಂದ 6 ವರ್ಷ ಬೇಕು ಅಂತ ಅಂದಾಜು. ಪೂರ್ತಿ ಹೋಗೋಕಲ್ಲ, ಅರ್ಧ ಆಗೋಕೆ!

2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಸಭೆ ನಡೆಯಿತು. ಪರಿಸರದಲ್ಲಿ ಬೇಗ ಕರಗದ ಸಾವಯವ ವಿಷಗಳನ್ನು ಜಗತ್ತಿನಿಂದಲೇ ತೆಗೆಯುವ ಒಪ್ಪಂದ ಅದು. ಅತಿ ಹೆಚ್ಚು ಎಂಡೋಸಲ್ಫಾನ್ ತಯಾರಿಸ್ತಿದ್ದ ಭಾರತ ಮೊದಲು ವಿರೋಧಿಸಿ, ಕೊನೆಗೆ ಕೆಲವು ಬೆಳೆಗಳಿಗೆ ವಿನಾಯಿತಿ ಪಡೆದು ಒಪ್ಪಿತು. ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ತಯಾರಿಕೆ, ಮಾರಾಟ, ಬಳಕೆ ಎಲ್ಲವನ್ನೂ ನಿಲ್ಲಿಸಿತು. ಕರು ಕಂಡಿದ್ದು 1979, ಕೋರ್ಟ್ ತಡೆದಿದ್ದು 2011. ನಡುವೆ 32 ವರ್ಷ.

ಹಾಗಾದ್ರೆ ಅಲ್ಲಿಗೆ ಮುಗೀತಾ? 2017ರಲ್ಲಿ ಸುಪ್ರೀಂ ಕೋರ್ಟ್, ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು 3 ತಿಂಗಳಲ್ಲಿ ಕೊಡಿ ಅಂದಿತು. 2022ರಲ್ಲಿ ಮತ್ತೆ ವಿಚಾರಣೆಗೆ ಬಂದಾಗ ಹಣ ಸಿಕ್ಕಿದ್ದು 8 ಜನರಿಗೆ, ಅದೂ ತಾವೇ ಕೋರ್ಟಿಗೆ ಹೋದವರಿಗೆ. ಕಾಸರಗೋಡಿನ ಗಡಿಯಂಚಿನ ಮಿಂಚಿನಪದವು ಗುಡ್ಡದಲ್ಲಿ, ಉಳಿದ ವಿಷವನ್ನು ಪಾಳು ಬಾವಿಗೆ ಸುರಿದಿದ್ದಾರೆ ಅನ್ನೋ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿವರೆಗೆ ಹೋಗಿದೆ. ಇನ್ನು ಕೊಕ್ಕಡ, ಕೊಯಿಲದಲ್ಲಿ ಸಂತ್ರಸ್ತರ ಪಾಲನಾ ಕೇಂದ್ರಗಳಿವೆ. ಅಂದಿನ ಮಕ್ಕಳಿಗೆ ಈಗ ಮೂವತ್ತು, ನಲವತ್ತು ವರ್ಷ. ಎತ್ತಿ ಕೂರಿಸುವ ಅಮ್ಮಂದಿರಿಗೆ ವಯಸ್ಸಾಗಿದೆ. ನನ್ನ ನಂತರ ಇವನನ್ನು ನೋಡೋರು ಯಾರು ಅನ್ನೋ ಪ್ರಶ್ನೆಗೆ ಯಾವ ನಿಷೇಧದ ಆದೇಶದಲ್ಲೂ ಉತ್ತರ ಇಲ್ಲ.

ಇದು ಹಳೇ ಕಥೆ ಅಂದುಕೊಳ್ಳಬೇಡಿ. ಈಗ ಜಗತ್ತು ಮಾತಾಡ್ತಿರೋದು ಪಿಎಫ್‌ಎಎಸ್ ಬಗ್ಗೆ. ನಾನ್‌ಸ್ಟಿಕ್ ಲೇಪನ, ನೀರು ಹಿಡಿಯದ ಬಟ್ಟೆ, ಬೆಂಕಿ ನಂದಿಸುವ ನೊರೆ, ಇವುಗಳಲ್ಲಿ ಬಳಸಿದ ರಾಸಾಯನಿಕಗಳು. ಅವುಗಳ ಪೈಕಿ ಎರಡಕ್ಕೆ ಅಮೆರಿಕ 2024ರಲ್ಲಿ ಕುಡಿಯುವ ನೀರಿನ ಮಿತಿ ಹಾಕಿತು: ಒಂದು ಲೀಟರ್‌ಗೆ 4 ನ್ಯಾನೋಗ್ರಾಂ. ನಮ್ಮ ಕುಡಿಯುವ ನೀರಿನ 2012ರ ಮಾನದಂಡದಲ್ಲಿ ಎಂಡೋಸಲ್ಫಾನ್‌ಗೆ ಮಿತಿ ಇದೆ, ಲೀಟರ್‌ಗೆ 0.4 ಮೈಕ್ರೋಗ್ರಾಂ. ಪಿಎಫ್‌ಎಎಸ್‌ಗೆ ಇಲ್ಲ. 2018ರಲ್ಲಿ ಕೇಂದ್ರ ಇಂಥ 7 ರಾಸಾಯನಿಕ ನಿಷೇಧಿಸಿದಾಗಲೂ ಆ ಪಟ್ಟಿಯಲ್ಲಿ ಇವು ಇರಲಿಲ್ಲ.

ನಾವೇನು ಮಾಡಬಹುದು? ಒಂದು, ಟಿಡಿಎಸ್ ಮೀಟರ್ ನಂಬಿ ಕೂರಬೇಡಿ. ಅದು ಅಳೆಯೋದು ಕರಗಿದ ಲವಣ, ಕೀಟನಾಶಕ ಅದಕ್ಕೆ ಕಾಣಲ್ಲ. ಎರಡು, ನಿಮ್ಮ ಪಂಚಾಯಿತಿಯಲ್ಲಿ ನೀರಿನ ಪರೀಕ್ಷಾ ವರದಿ ಕೇಳಿ. ಅದರಲ್ಲಿ ಕೀಟನಾಶಕದ ಕಾಲಂ ಇದೆಯಾ ನೋಡಿ. ಇಲ್ಲದಿದ್ರೆ ಯಾಕಿಲ್ಲ ಅಂತ ಬರೆದು ಕೊಟ್ಟು, ಸ್ವೀಕೃತಿ ತಗೊಳ್ಳಿ. ಪಡ್ರೆಯಲ್ಲೂ ಎಲ್ಲ ಶುರುವಾಗಿದ್ದು ಒಬ್ಬರು "ಯಾಕೆ" ಅಂತ ಕೇಳಿದಾಗಲೇ.

ನಿಮ್ಮೂರಿನ ವರದಿಯಲ್ಲಿ ಏನಿತ್ತು ಅಂತ ನನಗೂ ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ವಾರ ಸಿಗೋಣ. ನಮಸ್ಕಾರ.